ಎತ್ತಿದ ಬೆರಳು

ಸೋಮವಾರ ಮಧ್ಯಾಹ್ನ ಹನ್ನೆರಡರ ಒಳಗೆ ಕಂಪನಿಗೆ ಊರಿನ ಹೆಸರು ಹೇಳಬೇಕಾಗಿತ್ತು. ಇವತ್ತು ಭಾನುವಾರ. ಲಮಾಂಟ್ ಪೆಟ್ವೇ ಬರ್ಮಿಂಗ್‌ಹ್ಯಾಮ್‌ನ ಒಂದು ಚರ್ಚಿನಲ್ಲಿ, ತನ್ನದಲ್ಲದ ಬೆಂಚಿನ ಮೇಲೆ, ಹೆಂಡತಿ ಯೋಲಾಂಡಾ ಮತ್ತು ತಾಯಿ ಅರ್ನೆಸ್ಟೀನ್ ನಡುವೆ ಒತ್ತರಿಸಿಕೊಂಡು ಕೂತು ರಟ್ಟಿನ ಬೀಸಣಿಗೆ ಬೀಸಿಕೊಳ್ಳುತ್ತಿದ್ದ. ಬೀಸಣಿಗೆ ಹಂಚಿದ್ದು ಶವಸಂಸ್ಕಾರದ ಏರ್ಪಾಟು ಮಾಡಿಕೊಡುವ ಯಾರೋ. ಒಂದು ಬದಿಗೆ ನಗುನಗುವ ನಾಲ್ವರ ಕುಟುಂಬ, ಇನ್ನೊಂದು ಬದಿಗೆ ಫೋನ್ ನಂಬರು. ಉತ್ತರದಲ್ಲಿ, ತನ್ನೂರು ಮಿಲ್ವಾಕಿಯ ಚರ್ಚಿನಲ್ಲಿಯೂ ಇಂಥದೇ ಬೀಸಣಿಗೆ. ಅದರ ಮೇಲಿನ ಕುಟುಂಬ ಬೇರೆ, ನಗು ಇದೇ. ಬೀಸಿದಾಗಲೆಲ್ಲ ಆ ನಾಲ್ವರು ಕಂಡು ಮರೆಯಾಗುತ್ತಿದ್ದರು. ಅವರು ಯಾವ ಊರಿನವರೋ, ಆ ಊರನ್ನು ಆರಿಸಿದ್ದು ಯಾರೋ, ಆರಿಸುವಾಗ ಮನೆಯಲ್ಲಿ ಜಗಳವಾಗಿತ್ತೋ ಇಲ್ಲವೋ ಎಂದು ಲಮಾಂಟ್ ಯೋಚಿಸುತ್ತಿದ್ದ. ಪಾಸ್ಟರು ಮರುಭೂಮಿಯಲ್ಲಿ ನಲವತ್ತು ವರ್ಷ ಅಲೆದವರ ಬಗ್ಗೆ ಹೇಳುತ್ತಿದ್ದರು. ತನಗೂ ನಲವತ್ತು ವರ್ಷ ಸಿಕ್ಕಿದ್ದರೆ ಒಂದು ತೀರ್ಮಾನಕ್ಕೆ ಬರುತ್ತಿದ್ದೆನೇನೋ ಅನ್ನಿಸಿತು. ಚರ್ಚಿನಲ್ಲಿ ಕೂತು ಇಂಥ ಯೋಚನೆ ಮಾಡಿದ್ದಕ್ಕೆ ನಾಚಿಕೆಯೂ ಆಯಿತು.

ತೀರ್ಮಾನ ಹೇಳುವುದೇ ಅವನ ಕಸುಬು, ಅದೇ ತಮಾಷೆ. ಲಾರಿಗಳ ಗೇರು ಮಾಡುವ ಕಾರ್ಖಾನೆಯಲ್ಲಿ ಇಪ್ಪತ್ತೊಂದು ವರ್ಷದಿಂದ ತಪಾಸಣೆಯ ಮೇಜು ಅವನದು. ಹಲ್ಲುಚಕ್ರವನ್ನು ಕೈಗೆತ್ತಿಕೊಂಡು ಅಳತೆ ನೋಡುವುದು, ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಕೆಂಪು ಡಬ್ಬಿಗೆ ಹಾಕುವುದು, ಸರಿಯಿದ್ದರೆ ಹಸಿರು ಡಬ್ಬಿಗೆ. ಒಂದೊಂದಕ್ಕೆ ಹನ್ನೊಂದು ಸೆಕೆಂಡು. ಅಲ್ಲಿ ಅವನ ಕೈ ಒಮ್ಮೆಯೂ ಅನುಮಾನಿಸಿದ್ದಿಲ್ಲ; ಹೊಸಬರನ್ನು ಅವನ ಪಕ್ಕ ನಿಲ್ಲಿಸಿ, ನೋಡಿ ಕಲೀರಿ ಎನ್ನುತ್ತಿದ್ದರು. ಸೆಪ್ಟೆಂಬರಿನಲ್ಲಿ ಕಾರ್ಖಾನೆ ಮುಚ್ಚುತ್ತದೆ, ಬೇಕಾದವರು ದಕ್ಷಿಣದ ಮೂರು ಊರುಗಳಲ್ಲಿರುವ ಕಂಪನಿಯ ಬೇರೆ ಕಾರ್ಖಾನೆಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು ಎಂದು ಮಾರ್ಚಿನಲ್ಲಿ ಕಾಗದ ಬಂತು. ಶಾರ್ಲೆಟ್, ಅಟ್ಲಾಂಟಾ, ಬರ್ಮಿಂಗ್‌ಹ್ಯಾಮ್. ಮೂರು ಹೆಸರಿನ ಮುಂದೆ ಮೂರು ಖಾಲಿ ಚೌಕ. ಅವನು ಆ ಕಾಗದವನ್ನು ಮಡಿಸಿ ಕೋಟಿನ ಜೇಬಿಗೆ ಹಾಕಿಕೊಂಡು, ಹಿಮದಲ್ಲಿ ಕಾರಿನವರೆಗೆ ನಡೆದು, ಗಾಜಿನ ಮೇಲಿನ ಹಿಮವನ್ನು ಕೆರೆಯುವುದನ್ನೇ ಮರೆತು ಹತ್ತು ನಿಮಿಷ ಒಳಗೆ ಕೂತಿದ್ದ. ಆ ಕಾಗದ ಈಗಲೂ ಅವನ ಜೇಬಿನಲ್ಲೇ ಇತ್ತು, ಮಡಿಕೆಯಲ್ಲಿ ಹರಿಯುವಷ್ಟು ಮೆತ್ತಗಾಗಿತ್ತು.

ಯೋಲಾಂಡಾ ಆ ಸಂಜೆ ಅಡುಗೆಮನೆಯ ಸಿಂಕಿನಲ್ಲಿ ಸೊಪ್ಪು ತೊಳೆಯುತ್ತಿದ್ದಳು. ಡಯಾಲಿಸಿಸ್ ನರ್ಸ್ ಅವಳು, ದಿನವಿಡೀ ಬೇರೆಯವರ ರಕ್ತ ಸೋಸಿ ಬಂದು ಮನೆಯಲ್ಲಿ ಸೊಪ್ಪನ್ನು ಮೂರು ನೀರಿನಲ್ಲಿ ತೊಳೆಯುತ್ತಾಳೆ. ಕಾಗದ ಓದಿ, ಒದ್ದೆ ಕೈಯಲ್ಲೇ, "ಶಾರ್ಲೆಟ್. ಅಲ್ಲಿ ನನಗೆ ನಾಳೆಯೇ ಕೆಲಸ ಸಿಗುತ್ತೆ. ಶಾರ್ಲೆಟ್ ಅಲ್ವಾ?" ಅಂದಳು. "ಹೂಂ" ಅಂದ ಲಮಾಂಟ್. ಅವಳ ಮುಖ ಅರಳಿದ್ದು ನೋಡಿ ಅವನಿಗೂ ಸಂತೋಷವಾಯಿತು, ಆ ಕ್ಷಣಕ್ಕೆ ಅವನಿಗೆ ಬೇಕಾದ ಊರು ಶಾರ್ಲೆಟ್ಟೇ ಆಗಿತ್ತು. ಆದರೆ ಮಗಳು ಬ್ರಿಯಾಗೆ ಹದಿನಾಲ್ಕು, ಅವಳ ಜೀವದ ಗೆಳತಿಯ ಮನೆಯವರು ಅಟ್ಲಾಂಟಾಗೆ ಹೋಗಿ ವರ್ಷವಾಗಿತ್ತು. ಶಾಲೆಯಿಂದ ಕರೆತರುವಾಗ ಒಂದು ದಿನ ಕಾರಿನ ಕಿಟಕಿಯ ಆವಿಯ ಮೇಲೆ ಬೆರಳಿನಿಂದ ಏನೋ ಗೀಚುತ್ತ, "ಅಟ್ಲಾಂಟಾಗೂ ಹೋಗಬಹುದಂತೆ ಅಲ್ವಾ ಅಪ್ಪ, ಅಟ್ಲಾಂಟಾಗೇ ಹೋಗೋಣ ಅಪ್ಪ" ಅಂದಳು. ಆಗಲೂ ಹೂಂ. ಅದಾದ ಮೇಲೆ ಏಪ್ರಿಲಿನಲ್ಲಿ ಕಣ್ಣಿನ ಡಾಕ್ಟರ ಬಳಿ ತಾಯಿಯನ್ನು ಕರೆದುಕೊಂಡು ಹೋಗಿದ್ದಾಗ, ಔಷಧಿ ಹಾಕಿಸಿಕೊಂಡು ಕಣ್ಣು ಮಂಜಾಗಿ ಕೂತಿದ್ದ ಅರ್ನೆಸ್ಟೀನ್ ಇದ್ದಕ್ಕಿದ್ದಂತೆ, "ಬರ್ಮಿಂಗ್‌ಹ್ಯಾಮಲ್ಲಿ ನಮ್ಮನೆ ಹಿಂದೆ ಮಣ್ಣು ಕೆಂಪಗಿತ್ತು, ಮಳೆ ಬಂದ್ರೆ ಪಾದ ಎಲ್ಲ ಕೆಂಪಗಾಗೋದು" ಅಂದಳು. ಹದಿನೇಳಕ್ಕೆ ಆ ಊರು ಬಿಟ್ಟು ಬಸ್ಸು ಹತ್ತಿದವಳು ಅದರ ಹೆಸರೆತ್ತಿದ್ದೇ ಅವನಿಗೆ ನೆನಪಿರಲಿಲ್ಲ. ಎಪ್ಪತ್ತೆಂಟು ವರ್ಷದ ತಾಯಿ, ಮಂಜುಗಣ್ಣು, ಕೆಂಪು ಮಣ್ಣು. "ಅಲ್ಲಿಗೇ ಹೋಗೋಣ ಅಮ್ಮ, ಕರ್ಕೊಂಡು ಹೋಗ್ತೀನಿ" ಎಂದು ಅವಳ ಕೈ ಹಿಡಿದುಕೊಂಡಿದ್ದ. ಸುಳ್ಳಲ್ಲ ಅದು. ಒಂದೊಂದು ಹೂಂ ಹೇಳುವಾಗಲೂ ಅವನ ಎದೆ ತುಂಬಿಯೇ ಇತ್ತು. ಅವನ ಅಪ್ಪ ಒಡೆಲ್ ಜೀವಮಾನವೆಲ್ಲ ಎಲ್ಲದಕ್ಕೂ ಬೇಡ ಎಂದವನು, ಮೂವತ್ತು ವರ್ಷ ಹೆಂಡತಿ ಮಗನನ್ನು ಚರ್ಚಿನ ಬಾಗಿಲಿಗೆ ಇಳಿಸಿ, ತಾನು ಕಾರಿನಲ್ಲೇ ಕೂತು ಪೇಪರು ಓದಿದವನು. ಆ ಬೇಡಗಳ ನಡುವೆ ಬೆಳೆದ ಲಮಾಂಟ್ ತಾನು ಯಾರಿಗೂ ಬೇಡ ಅನ್ನಬಾರದೆಂದು ಯಾವಾಗಲೋ ನಿಶ್ಚಯಿಸಿಬಿಟ್ಟಿದ್ದ. ಬಹುಶಃ ಅವನು ಸ್ವಂತವಾಗಿ ಮಾಡಿದ ತೀರ್ಮಾನ ಅದೊಂದೇ.

ಮೂರು ಊರನ್ನೂ ಕಣ್ಣಾರೆ ನೋಡಿಯೇ ಬಿಡೋಣ ಎಂದು ರಜೆ ಹಾಕಿ ಕಾರಿನಲ್ಲಿ ಹೊರಟಿದ್ದರು. ಶಾರ್ಲೆಟ್‌ನಲ್ಲಿ ಹೊಸ ಮನೆಗಳು ಒಂದರ ಪಕ್ಕ ಒಂದು ಒಂದೇ ಬಣ್ಣದಲ್ಲಿ ನಿಂತಿದ್ದವು, ಯೋಲಾಂಡಾ ಪ್ರತಿ ಮನೆಯ ಅಡುಗೆಕೋಣೆಯಲ್ಲೂ ನಲ್ಲಿ ತಿರುಗಿಸಿ ನೋಡಿದಳು. ಅಟ್ಲಾಂಟಾದಲ್ಲಿ ಎರಡು ಗಂಟೆ ವಾಹನಗಳ ಸಾಲಿನಲ್ಲಿ ಕದಲದೆ ನಿಂತರು. ಅಲ್ಲಿಂದ ನಿನ್ನೆ ಬರ್ಮಿಂಗ್‌ಹ್ಯಾಮ್ ಕಡೆಗೆ ಬರುವಾಗ, ಹೆದ್ದಾರಿಯ ಬದಿಯಲ್ಲಿ ಬೇಯಿಸಿದ ಕಡಲೆಕಾಯಿ ಕೊಂಡು ತಿನ್ನುತ್ತಿದ್ದಾಗ, ಎಲ್ಲ ಬಯಲಾಯಿತು. ಬ್ರಿಯಾ ಹಿಂದಿನ ಸೀಟಿನಿಂದ, "ಅಟ್ಲಾಂಟಾ ಅಂತ ಆಗಿದೆಯಲ್ಲ, ಮತ್ತೆ ಇದು ಯಾಕೆ ನೋಡ್ಬೇಕು?" ಅಂದಳು. ಅರ್ನೆಸ್ಟೀನ್ ಸಿಪ್ಪೆ ಬಿಡಿಸುವುದನ್ನು ನಿಲ್ಲಿಸಿ, "ಬರ್ಮಿಂಗ್‌ಹ್ಯಾಮ್‌ಗೆ ಅಂದನಲ್ಲ ನನ್ನ ಹತ್ರ" ಅಂದಳು. ಮುಂದಿನ ಸೀಟಿನಲ್ಲಿದ್ದ ಯೋಲಾಂಡಾ ಇಬ್ಬರ ಕಡೆಗೂ ತಿರುಗಿ ನೋಡಿದಳು. ಆಮೇಲೆ ನಗಲು ಶುರು ಮಾಡಿದಳು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. "ಮೂರೂರಲ್ಲೂ ನಿಶ್ಚಿತಾರ್ಥ ಮಾಡ್ಕೊಂಡು ಬಂದಿದಾನಲ್ಲಪ್ಪಾ ನನ್ನ ಗಂಡ!" ಹಿಂದಿನ ಸೀಟಿನವರೂ ನಕ್ಕರು. ಲಮಾಂಟ್ ಕೂಡ ನಕ್ಕ. ಅವರ ನಗು ನಿಂತ ಮೇಲೂ ತಾನೊಬ್ಬನೇ ನಗುತ್ತಿರುವುದು ಗೊತ್ತಾಗಿ ರೇಡಿಯೋ ಹಾಕಿದ.

"ಕೇಳಿಸ್ಕೋ." ಯೋಲಾಂಡಾ ಈಗ ಅವನ ಕಡೆಗೆ ತಿರುಗದೆ, ಪಾಸ್ಟರ ಮುಖ ನೋಡುತ್ತಲೇ ಪಿಸುಗುಟ್ಟಿದಳು. "ಇಲ್ಲಿಂದ ಹೊರಗೆ ಹೋಗಿ ಕಾರು ಹತ್ತೋ ಮುಂಚೆ ಹೇಳ್ಬೇಕು ನೀನು. ನನ್ನೊಬ್ಬಳಿಗಲ್ಲ, ಮೂವರಿಗೂ, ಎದುರೆದುರೇ. ಇಬ್ಬರಿಗೆ ಇಲ್ಲ ಅನ್ನು, ಒಬ್ಬರಿಗೆ ಹೂಂ ಅನ್ನು. ನನಗೇ ಇಲ್ಲ ಅಂದ್ರೂ ತಡ್ಕೋತೀನಿ."

"ಹೂಂ" ಅಂದ ಲಮಾಂಟ್.

"ಇನ್ನೊಂದ್ಸಲ ಹೂಂ ಅಂದ್ರೆ ನೋಡು" ಅಂದಳು ಅವಳು, ನಗುಮುಖದಲ್ಲೇ, ಯಾಕೆಂದರೆ ಮುಂದಿನ ಸಾಲಿನ ದೊಡ್ಡ ಹಸಿರು ಟೋಪಿಯ ಹೆಂಗಸು ಹಿಂದಕ್ಕೆ ತಿರುಗಿ ನೋಡಿದ್ದಳು.

ಚರ್ಚಿನೊಳಗೆ ಸೆಕೆ ಹೆಚ್ಚಾದಂತೆ ಅನ್ನಿಸಿತು. ತಾಯಿ ಚೀಲದ ಬಾಯಿ ತೆಗೆದು ಪೆಪ್ಪರ್‌ಮಿಂಟ್ ಹುಡುಕಿ ಅವನ ಅಂಗೈಗೆ ಇಟ್ಟಳು; ಅವನು ಆರು ವರ್ಷದವನಾಗಿದ್ದಾಗಲೂ ಪಾಸ್ಟರ ಪ್ರಸಂಗ ಉದ್ದವಾದರೆ ಹೀಗೇ ಇಡುತ್ತಿದ್ದಳು. ಅದರ ಸುತ್ತಿನ ಕಾಗದ ಬಿಡಿಸಿದರೆ ಸದ್ದು ಎಲ್ಲರಿಗೂ ಕೇಳಿಸೀತೇನೋ ಎಂದು ಅವನು ಅದನ್ನು ಬಾಯಿಗೆ ಹಾಕಿಕೊಳ್ಳದೆ ಮುಷ್ಟಿಯಲ್ಲೇ ಹಿಡಿದ. ಹೇಳಬೇಕು. ಮೂವರ ಎದುರಿಗೆ. ಶಾರ್ಲೆಟ್ ಅಂದರೆ ತಾಯಿ ಏನೂ ಅನ್ನುವುದಿಲ್ಲ, ಆ ಏನೂ ಅನ್ನದಿರುವುದನ್ನು ಅವನು ಸಾಯುವ ತನಕ ಹೊರಬೇಕು. ಬರ್ಮಿಂಗ್‌ಹ್ಯಾಮ್ ಅಂದರೆ ಯೋಲಾಂಡಾ ಅಂದಂತೆ ತಡೆದುಕೊಳ್ಳುತ್ತಾಳೆ, ಅವಳು ತಡೆದುಕೊಳ್ಳುವುದನ್ನು ದಿನಾ ಊಟದ ಮೇಜಿನಲ್ಲಿ ನೋಡಬೇಕು. ಅಟ್ಲಾಂಟಾ ಅಂದರೆ ಇಬ್ಬರೂ ಸೇರಿ ಇವನಿಗೆ ಬುದ್ಧಿ ಕೆಟ್ಟಿದೆ ಎನ್ನುತ್ತಾರೆ. ಮತ್ತೆ ಇವನಿಗೆ? ಇವನಿಗೆ ಯಾವ ಊರು ಬೇಕು? ಒಳಗೆ ಕೈಹಾಕಿ ಹುಡುಕಿದ. ಸಿಕ್ಕಿದ್ದು ಮಿಲ್ವಾಕಿಯ ಸರೋವರದ ಕಡೆಯಿಂದ ಬರುವ ಗಾಳಿ, ಶುಕ್ರವಾರ ಸಂಜೆ ಚರ್ಚಿನ ನೆಲಮಾಳಿಗೆಯಲ್ಲಿ ಮೀನು ಕರಿಯುವ ವಾಸನೆ, ತಪಾಸಣೆಯ ಮೇಜಿನ ಮೇಲೆ ಇಪ್ಪತ್ತೊಂದು ವರ್ಷ ಮೊಣಕೈ ಊರಿ ಊರಿ ಸವೆದ ಜಾಗ. ಅವುಗಳಲ್ಲಿ ಒಂದೂ ಆ ಕಾಗದದ ಚೌಕದಲ್ಲಿರಲಿಲ್ಲ. ಬೀಸಣಿಗೆಯನ್ನು ಬೆಂಚಿನ ಮೇಲೆ ಇಟ್ಟ. ಎದ್ದು ಹೋಗಬೇಕು. ಮುಖಕ್ಕೆ ನೀರು ಹಾಕಿಕೊಳ್ಳಬೇಕು.

ಎದ್ದ. ಆರಾಧನೆಯ ನಡುವೆ ಎದ್ದು ಹೋಗುವವರು ಹೋಗುವ ರೀತಿಯಲ್ಲೇ, ಬಲಗೈ ತೋರುಬೆರಳನ್ನು ಎದೆಯ ಮಟ್ಟಕ್ಕೆ ಎತ್ತಿ, ಕ್ಷಮಿಸಿ ಎಂಬಂತೆ ತಲೆ ತಗ್ಗಿಸಿ, ತಾಯಿಯ ಮೊಣಕಾಲು ದಾಟಿ, ಬ್ರಿಯಾಳ ಬೂಟು ದಾಟಿ ನಡುದಾರಿಗೆ ಬಂದ. ಹಿಂದಿನ ಬಾಗಿಲಲ್ಲಿ ಬಿಳಿ ಕೈಗವಸಿನ ಇಬ್ಬರು ಕಾವಲಿನವರು ಒಂದು ಕೈ ಬೆನ್ನಿಗಿಟ್ಟು ಅಡ್ಡ ನಿಂತಿದ್ದರು; ಈಗ ಯಾರನ್ನೂ ಬಿಡುವುದಿಲ್ಲ ಎಂದು ಅವರ ನಿಲುವೇ ಹೇಳುತ್ತಿತ್ತು. ಅವನ ಕಾಲುಗಳು ಯೋಚಿಸಲಿಲ್ಲ. ಮಿಲ್ವಾಕಿಯ ಚರ್ಚಿನಲ್ಲಿ ಕೈ ತೊಳೆಯುವ ಕೋಣೆಯ ಬಾಗಿಲು ವೇದಿಕೆಯ ಎಡಕ್ಕಿದೆ. ನಲವತ್ತು ವರ್ಷ ಆ ಕಡೆಗೇ ಹೋಗಿದ್ದ ಕಾಲುಗಳು ಅವನನ್ನು ಮುಂದಕ್ಕೆ ಕರೆದೊಯ್ದವು. ನಾಲ್ಕು ಸಾಲು ದಾಟುವ ತನಕ ಅವನು ನೆಲದ ಕೆಂಪು ಹಾಸನ್ನೇ ನೋಡುತ್ತಿದ್ದ. ಆಮೇಲೆ ಪಿಯಾನೋ ಮೆಲ್ಲಗೆ ನುಡಿಯುತ್ತಿರುವುದು ಕೇಳಿಸಿತು. ಪ್ರಸಂಗ ಮುಗಿದಿತ್ತು. ಯಾವಾಗ ಮುಗಿಯಿತು? ಪಾಸ್ಟರು ಎರಡೂ ಕೈ ಚಾಚಿ ನಿಂತು ಹೇಳುತ್ತಿದ್ದರು: "ಸಭೆಯ ಬಾಗಿಲು ತೆರೆದಿದೆ. ಯಾರಾದ್ರೂ ಇದ್ದೀರಾ? ಒಬ್ಬರಾದ್ರೂ ಇದ್ದೀರಾ?" ಅವರ ಮುಂದೆ, ಸಭೆಯ ಕಡೆಗೆ ಮುಖ ಮಾಡಿ, ಎರಡು ಖಾಲಿ ಕುರ್ಚಿ ಹಾಕಿದ್ದರು.

ಆ ಮಾತನ್ನು ಕೇಳಿಕೊಂಡೇ ಬೆಳೆದವನು ಲಮಾಂಟ್. ಅದನ್ನು ಕೇಳಿದ ಮೇಲೆ ನಡುದಾರಿಯಲ್ಲಿ ಮುಂದಕ್ಕೆ ನಡೆದವನು ಆ ಸಭೆಗೆ ಸೇರಿದಂತೆ, ಸಭೆಗೆ ಸೇರಿದವನು ಆ ಊರಿಗೆ ಸೇರಿದಂತೆ. ಹಾಲು ಕುಡಿಯುವ ಮಗುವಿಗೂ ಗೊತ್ತಿರುವ ಸಂಗತಿ. "ಆಮೆನ್!" ಎಂದು ಬಲಗಡೆಯಿಂದ ಯಾರೋ ಕೂಗಿದರು. ಬಿಳಿ ಉಡುಪಿನ ಮುದುಕಿಯರು ಕೂತ ಮೊದಲ ಸಾಲಿನಿಂದ, "ಬಾ ಮಗನೇ, ಬಾ" ಎಂದಿತು ಒಂದು ದನಿ. ಅವನ ಬೆರಳು ಇನ್ನೂ ಎತ್ತಿಯೇ ಇತ್ತು, ಜನ ಅದನ್ನು ಸ್ವರ್ಗಕ್ಕೆ ತೋರಿಸಿದ ಬೆರಳು ಅಂದುಕೊಂಡರು; ಹಿಂದಿನಿಂದ ಚಪ್ಪಾಳೆ ಬಿತ್ತು. ತಿರುಗಿ ಹೋಗಬಹುದಿತ್ತು. ಆದರೆ ಇಲ್ಲಿಯ ತನಕ ಬಂದು ತಿರುಗಿ ಹೋದವರನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ, ತಿರುಗಿ ಹೋಗುವುದಕ್ಕೆ ಯಾವ ಬೆರಳು ಎತ್ತಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಅಷ್ಟರಲ್ಲಿ ಬೂದು ಸೂಟಿನ, ಕಿವಿಯಲ್ಲಿ ಕೇಳುವ ಯಂತ್ರ ಸಿಕ್ಕಿಸಿಕೊಂಡ ಒಬ್ಬ ಮುದುಕ ಎರಡು ಹೆಜ್ಜೆ ಮುಂದೆ ಬಂದು ಅವನ ಕೈ ಹಿಡಿದ. "ನಾನು ಡೀಕನ್ ಗ್ರೇಡಿ" ಅಂದ, ಪಾಸ್ಟರಿಗೆ ನೆರವಾಗುವ ಸಭೆಯ ಹಿರಿಯ. ಪೆಪ್ಪರ್‌ಮಿಂಟು ಇಬ್ಬರ ಅಂಗೈ ನಡುವೆ ಸಿಕ್ಕಿಕೊಂಡಿತು. ಡೀಕನ್ ಅದನ್ನು ಗಮನಿಸದವನಂತೆ ಅವನನ್ನು ಕುರ್ಚಿಯ ಮೇಲೆ ಕೂರಿಸಿದ.

ಕೂತಾಗ ಆದದ್ದನ್ನು ಲಮಾಂಟ್ ಆಮೇಲೆ ಯಾರಿಗೂ ಹೇಳಲಾರ. ಕಾಲು ಚಾಚಿ ಮಲಗಿದಷ್ಟು ಹಾಯಾಯಿತು. ಮೂರು ತಿಂಗಳಿಂದ ಎದೆಯಲ್ಲಿ ಕೂತಿದ್ದ ಒಂದು ಗಂಟು ಬಿಟ್ಟುಹೋಯಿತು. ಆಯಿತು, ಮುಗಿಯಿತು, ಬರ್ಮಿಂಗ್‌ಹ್ಯಾಮ್. ತಾನು ಹೇಳಲಿಲ್ಲ, ಆಯಿತು ಅಷ್ಟೆ. ಯಾರಿಗೂ ತಾನು ಇಲ್ಲ ಅನ್ನಲಿಲ್ಲ. ಎದುರಿಗೆ ನಾನೂರು ಮುಖಗಳು ಅವನನ್ನು ನೋಡಿ ಸಂತೋಷಪಡುತ್ತಿದ್ದವು, ಅವನಿಂದ ಯಾರೂ ಏನನ್ನೂ ಕೇಳುತ್ತಿರಲಿಲ್ಲ. ನಗು ತಾನಾಗಿ ಬಂತು. ನಗುತ್ತಲೇ ಆರನೆಯ ಸಾಲಿನ ಕಡೆ ಕಣ್ಣು ಹೋಯಿತು. ಯೋಲಾಂಡಾ ಅವನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಕೋಪವಿದ್ದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವಳು ಗುರುತು ಸಿಗದ ಯಾರನ್ನೋ ನೋಡುವಂತೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು.

ಕೊರಳಿನ ಸರಕ್ಕೆ ಕನ್ನಡಕ ಕಟ್ಟಿಕೊಂಡ ಒಬ್ಬ ಹೆಂಗಸು ಕಾರ್ಡು ಮತ್ತು ಪೆನ್ನು ಹಿಡಿದು ಬಂದು ಪಕ್ಕದ ಕುರ್ಚಿಯಲ್ಲಿ ಕೂತಳು. ಹೆಸರು ಕೇಳಿದಳು, ಹೇಳಿದ. "ದೀಕ್ಷಾಸ್ನಾನ ಆಗ್ಬೇಕಾ ಬ್ರದರ್, ಇಲ್ಲಾ ಪತ್ರದ ಮೇಲೆ ಸೇರ್ತೀರಾ?" ಅವನದು ಒಂಬತ್ತನೇ ವಯಸ್ಸಿನಲ್ಲೇ ಆಗಿತ್ತು, ತಣ್ಣನೆಯ ನೀರಿನಲ್ಲಿ. "ಪತ್ರ" ಅಂದ, ಮಿಲ್ವಾಕಿಯ ಚರ್ಚಿನ ಹೆಸರು ಹೇಳಿದ. ಹಳೆಯ ಸಭೆಯವರು, ಇವನು ನಮ್ಮವನಾಗಿದ್ದ, ನಿಮಗೆ ಕಳಿಸಿಕೊಡುತ್ತಿದ್ದೇವೆ ಎಂದು ಬರೆದುಕೊಡುವ ಪತ್ರ. ಅಂಥ ಪತ್ರ ಕೇಳಿ ಫೋನು ಬಂದಾಗ ಮಿಲ್ವಾಕಿಯ ಪಾಸ್ಟರ ಮುಖ ಹೇಗಾಗಬಹುದೆಂದು ಯೋಚಿಸುವಷ್ಟರಲ್ಲಿ ಅವಳು, "ಇಲ್ಲಿ ಮನೆ ಎಲ್ಲಿ ಮಾಡಿದ್ದೀರಿ?" ಅಂದಳು. ಅವನು ಮೋಟೆಲಿನ ಹೆಸರು ಹೇಳಿ, ಕೋಣೆ ಇನ್ನೂರ ಹದಿನಾಲ್ಕು ಅಂದ. ಅವಳ ಪೆನ್ನು ಅರೆಗಳಿಗೆ ನಿಂತು, ಬರೆದುಕೊಂಡಿತು. "ಮನೆಯಲ್ಲಿ ಎಷ್ಟು ಜನ?"

"ನಾಲ್ಕು. ನಾಲ್ವರು" ಅಂದ.

ಪಾಸ್ಟರು ಕಾರ್ಡು ತೆಗೆದುಕೊಂಡು ಮೈಕಿನಲ್ಲಿ ಓದಿದರು. "ಬ್ರದರ್ ಲಮಾಂಟ್ ಪೆಟ್ವೇ! ಮಿಲ್ವಾಕಿಯ ಚಳಿ ಬಿಟ್ಟು ತನ್ನ ಕುಟುಂಬವನ್ನು ನಮ್ಮ ಬರ್ಮಿಂಗ್‌ಹ್ಯಾಮ್‌ಗೆ ಕರ್ಕೊಂಡು ಬಂದಿದ್ದಾರೆ! ಎಲ್ಲಿ ಕುಟುಂಬ? ಎದ್ದು ನಿಲ್ಲಿ, ನೋಡೋಣ!" ಟೋಪಿಗಳೆಲ್ಲ ಹಿಂದಕ್ಕೆ ತಿರುಗಿದವು. ಯೋಲಾಂಡಾ ಎದ್ದು ನಿಂತಳು. ಬೆನ್ನು ನೆಟ್ಟಗೆ, ನಗುಮುಖ, ಆಸ್ಪತ್ರೆಯಲ್ಲಿ ರೋಗಿಯ ಕಡೆಯವರಿಗೆ ತೋರಿಸುವ ನಗು. ಬ್ರಿಯಾ ಎದ್ದು, ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ನಗುವೋ ಅಳುವೋ ದೂರದಿಂದ ತಿಳಿಯಲಿಲ್ಲ. ಅರ್ನೆಸ್ಟೀನ್ ಏಳಲೇ ಇಲ್ಲ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಬೆಂಚಿನ ಬೆನ್ನನ್ನು ನೋಡುತ್ತ ಕೂತೇ ಇದ್ದಳು. ವಯಸ್ಸಾದವರು, ಮಂಡಿನೋವು ಎಂದು ಜನ ಅಂದುಕೊಂಡಿರಬೇಕು. ಅವಳ ಮಂಡಿಗಳಿಗೆ ಏನೂ ಆಗಿಲ್ಲ ಎಂದು ಲಮಾಂಟ್‌ಗೆ ಗೊತ್ತಿತ್ತು.

"ಬ್ರದರ್ ಪೆಟ್ವೇ ಅವರನ್ನು ಸೇರಿಸ್ಕೊಳ್ಳೋಣ ಅಂತ ನಾನು ಸೂಚಿಸ್ತೀನಿ" ಎಂದ ಡೀಕನ್ ಗ್ರೇಡಿ. ಯಾರೋ ಅನುಮೋದಿಸಿದರು. ಒಪ್ಪುವವರು ಹೌದು ಅನ್ನಿ ಎಂದರು ಪಾಸ್ಟರು, ಹೌದು ಎಂಬ ಸದ್ದಿಗೆ ಗಾಜುಗಳು ನಡುಗಿದವು. "ಒಪ್ಪದವರು ಯಾರಾದ್ರೂ?" ಇದು ಬರೀ ಕ್ರಮಕ್ಕೆ ಕೇಳುವ ಮಾತು, ಇದಕ್ಕೆ ಉತ್ತರ ಬಂದದ್ದನ್ನು ಯಾರೂ ಕಂಡಿಲ್ಲ, ಕೇಳುವವರೂ ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಮಾತ್ರ ನಿಲ್ಲುತ್ತಾರೆ. ಆ ಒಂದು ಉಸಿರಿನಲ್ಲಿ ಲಮಾಂಟ್ ಯೋಲಾಂಡಾಳನ್ನು ನೋಡಿದ. ಹೇಳು, ಎಂದು ಬೇಡಿಕೊಂಡ. ನೀನು ಹೇಳಿಬಿಡು, ಇವನು ದಾರಿ ತಪ್ಪಿ ಬಂದವನು, ಇವನಿಗೆ ಮುಖ ತೊಳೆಯಬೇಕಾಗಿತ್ತು ಅಷ್ಟೆ, ಇವನನ್ನು ನನಗೆ ವಾಪಸ್ಸು ಕೊಡಿ ಅನ್ನು. ಹದಿನೆಂಟು ವರ್ಷದಿಂದ ಅವನು ಹೇಳಲಾರದ್ದನ್ನೆಲ್ಲ ಅವಳೇ ಹೇಳಿದ್ದಳು, ಅಂಗಡಿಯವನಿಗೆ, ಶಾಲೆಯವರಿಗೆ, ಅವನ ಮೇಲಿನವರಿಗೆ. ಅವಳು ನಗುತ್ತ ನಿಂತೇ ಇದ್ದಳು. ಈ ಒಂದನ್ನು ಹೇಳುವುದಿಲ್ಲ ಎಂದು ಆ ನಗು ಹೇಳುತ್ತಿತ್ತು. ಉಸಿರು ಮುಗಿಯಿತು. "ಎಲ್ಲರ ಒಪ್ಪಿಗೆ ಆಯ್ತು" ಎಂದರು ಪಾಸ್ಟರು.

ಆಮೇಲೆ ಕೈಕೊಡುವ ಸಾಲು. ಹೊಸಬ ಮುಂದೆ ನಿಂತಿರುತ್ತಾನೆ, ಸಭೆಯವರೆಲ್ಲ ಒಬ್ಬೊಬ್ಬರಾಗಿ ಬಂದು ಬಲಗೈ ಕೊಟ್ಟು ಸ್ವಾಗತ ಹೇಳಿ ಪಕ್ಕದ ಬಾಗಿಲಿನಿಂದ ಹೊರಗೆ ಹೋಗುತ್ತಾರೆ. ಗವಸಿನ ಕೈ, ಉಂಗುರದ ಕೈ, ತೇವದ ಕೈ. "ಮನೆಗೆ ಬಂದ್ರಿ ಬ್ರದರ್." "ಬುಧವಾರ ಬೈಬಲ್ ಓದು ಇರುತ್ತೆ, ಬರ್ಬೇಕು." "ಹಾಡ್ತೀರಾ? ಗಂಟಲು ನೋಡಿದ್ರೆ ಹಾಡೋ ಹಾಗೆ ಕಾಣ್ತೀರಿ." ಎಲ್ಲದಕ್ಕೂ ಅವನು ಹೂಂ ಅಂದ. ಪಕ್ಕದಲ್ಲೇ ಕಾವಲಿಗೆ ನಿಂತಂತೆ ನಿಂತಿದ್ದ ಡೀಕನ್ ಗ್ರೇಡಿ, ಸಾಲು ಸ್ವಲ್ಪ ತಡವಾದಾಗ ಬಾಗಿ, "ಪೆಟ್ವೇ ಅಂದ್ರಲ್ಲ, ನಿಮ್ಮವರು ಯಾರು?" ಎಂದು ಕೇಳಿದ. ಯಾವ ಕಡೆಯ ಪೆಟ್ವೇಗಳು, ತಾತ ಯಾರು, ಯಾವ ಚರ್ಚಿನ ಹಿಂದೆ ಹೂತಿದ್ದಾರೆ ಎಂದು ಅರ್ಥ. ಲಮಾಂಟ್‌ಗೆ ಗೊತ್ತಿರಲಿಲ್ಲ. "ಅಮ್ಮನ್ನ ಕೇಳ್ಬೇಕು" ಅಂದ. ನಲವತ್ತೇಳು ವರ್ಷದ ಗಂಡಸು ಹೇಳುವ ಮಾತೇ ಅದು? ಡೀಕನ್ ತಲೆಯಾಡಿಸಿದ.

ಅಮ್ಮನೇ ಬಂದಳು, ಹಸಿರು ಟೋಪಿಯ ಹೆಂಗಸಿನ ಹಿಂದೆ. ಕೈ ಕೊಡಲಿಲ್ಲ, ಅವನ ಟೈ ಸರಿ ಮಾಡಿದಳು. "ನನ್ನ ಹೆಸರು ಹೇಳ್ಕೊಂಡು ಮಾತ್ರ ಈ ಊರಿಗೆ ಬರ್ಬೇಡ, ಹೇಳಿದೀನಿ" ಅಂದಳು.

"ನೀನೇ ಅಲ್ವಾ ಅಮ್ಮ, ಕೆಂಪು ಮಣ್ಣು ಅಂತ..."

"ಮಣ್ಣು ಕೆಂಪಗಿತ್ತು ಅಂದೆ. ಕೆಂಪಗಿತ್ತು, ಅಂದೆ. ಕಣ್ಣಿಗೆ ಔಷಧಿ ಹಾಕಿ ಕೂರಿಸಿದ್ರು, ಏನೂ ಕಾಣ್ತಿರಲಿಲ್ಲ, ಏನೋ ಒಂದು ಕಂಡಿತು. ಕರ್ಕೊಂಡು ಹೋಗು ಅಂದ್ನಾ ನಾನು? ನೀನು ಕೈ ಹಿಡ್ಕೊಂಡು ಅಷ್ಟು ಖುಷಿಯಾಗಿ ಹೇಳಿದೆ, ಇವನಿಗೇ ಬೇಕೇನೋ ಪಾಪ ಅಂದ್ಕೊಂಡೆ." ಅವಳ ಬೆರಳುಗಳು ಟೈಯ ಗಂಟಿನಲ್ಲೇ ಇದ್ದವು. "ಬಸ್ಸು ಹತ್ತಿದ ದಿನ ನಾನು ಹಿಂದಕ್ಕೆ ತಿರುಗಿ ನೋಡ್ಲಿಲ್ಲ ಮಗಾ. ನನಗೆ ಮೊಮ್ಮಗಳ ಪಕ್ಕದ ಕೋಣೆ ಸಾಕು. ಯಾವ ಊರಾದ್ರೇನು."

ಹಿಂದಿನವರು ಕಾಯುತ್ತಿದ್ದರು, ಅವಳು ಮುಂದೆ ಹೋದಳು. ಬ್ರಿಯಾ ಬಂದು, ಕೈ ಚಾಚಿ, ದೊಡ್ಡವರ ದನಿಯಲ್ಲಿ, "ಸ್ವಾಗತ ಬ್ರದರ್ ಪೆಟ್ವೇ" ಅಂದಳು. ಅವನು ನಕ್ಕ. ಅವಳು ನಗಲಿಲ್ಲ. "ಬಾತ್‌ರೂಮಿಗೆ ಎದ್ದಿದ್ದು ಅಲ್ವಾ ಅಪ್ಪ?" ಎಂದು ಪಿಸುಗುಟ್ಟಿದಳು. ಅವನು ತಲೆಯಾಡಿಸಿದ. "ಗೊತ್ತಿತ್ತು ನನಗೆ" ಎಂದು, ಮುಖ ಕೆಂಪು ಮಾಡಿಕೊಂಡು, ಅಜ್ಜಿಯ ಹಿಂದೆ ಹೊರಟುಹೋದಳು. ಮಗಳಿಗೆ ತನ್ನ ಬಗ್ಗೆ ನಾಚಿಕೆಯಾಗಿದ್ದನ್ನು ಅವನು ಈ ಮೊದಲೂ ಕಂಡಿದ್ದ, ಶಾಲೆಯ ಗೇಟಿನಲ್ಲಿ, ಅಂಗಡಿಯಲ್ಲಿ. ಆದರೆ ಆಗೆಲ್ಲ ಅವಳು ಅವನನ್ನು ದೂರ ತಳ್ಳಿದ್ದಳು. ಈಗ ಅವಳು ಅವನ ಗುಟ್ಟು ಕಾಪಾಡುತ್ತಿದ್ದಳು, ಅದು ಅದಕ್ಕಿಂತ ಹೆಚ್ಚು ನೋಯಿಸಿತು.

ಯೋಲಾಂಡಾ ಬಂದಳು. ಉಳಿದವರಂತೆಯೇ ಬಲಗೈ ಕೊಟ್ಟಳು, ಒಣಗಿದ, ಸದಾ ಸೋಪು ನೀರಿನಲ್ಲಿರುವ ಕೈ. "ಸ್ವಾಗತ ಬ್ರದರ್. ಕುಟುಂಬ ಕರ್ಕೊಂಡು ಬಂದಿದ್ದೀರಂತೆ."

"ಯೋಲಿ, ನಾನು ಬೇಕು ಅಂತ..."

"ಗೊತ್ತು. ಬೇಕು ಅಂತ ನೀನು ಏನೂ ಮಾಡಲ್ಲ." ನಗು ಮುಖದಲ್ಲೇ ಇತ್ತು, ಡೀಕನ್ನನಿಗಾಗಿ. ದನಿ ಮಾತ್ರ ಇವನೊಬ್ಬನಿಗೆ ಕೇಳುವಷ್ಟು. "ಎದ್ದಿದ್ದಕ್ಕೆ ನನಗೆ ಸಿಟ್ಟಿಲ್ಲ. ಆ ಕುರ್ಚಿ ಮೇಲೆ ಕೂತಾಗ ನಿನ್ನ ಮುಖ ನೋಡಿದೆ ನಾನು. ಅಷ್ಟು ಹಗುರ! ನಮ್ಮನ್ನೆಲ್ಲ ಯಾರಿಗೋ ಒಪ್ಪಿಸಿ 'ಅಬ್ಬಾ' ಅಂದ ಹಾಗೆ. ಒಂದೇ ಒಂದು ಕೇಳ್ತೀನಿ, ನಿಜ ಹೇಳು. ನಿನಗೆ ಯಾವ ಊರು ಬೇಕು?"

ಹೂಂ ಎಂಬುದು ಗಂಟಲ ತನಕ ಬಂತು. ಹೂಂ ಈ ಪ್ರಶ್ನೆಗೆ ಉತ್ತರವೇ ಆಗುತ್ತಿರಲಿಲ್ಲ. ಅವನು ಅದನ್ನು ನುಂಗಿದ. ಅದರ ಕೆಳಗೆ ಇನ್ನೊಂದು ಮಾತಿತ್ತು, ಮೂರು ತಿಂಗಳಿಂದ ಅಲ್ಲೇ ಇತ್ತು. "ಗೊತ್ತಿಲ್ಲ" ಅಂದ. "ನನಗೆ ಗೊತ್ತಿಲ್ಲ ಯೋಲಿ. ಭಯ ಆಗುತ್ತೆ."

ಅವಳ ನಗು ಹೋಯಿತು. ಬೆಳಗಿನಿಂದ ಮೊದಲ ಸಲ ಅವಳು ಅವಳಂತೆ ಕಂಡಳು, ದಣಿದವಳಂತೆ. "ಮಾರ್ಚಿನಲ್ಲಿ ಇದನ್ನ ಅಂದಿದ್ರೆ ನಾಲ್ಕೂ ಜನ ಕೂತು ಮಾತಾಡ್ತಿದ್ವಿ" ಅಂದಳು. "ನಾನು ನಾಳೆ ಶಾರ್ಲೆಟ್‌ನ ಆಸ್ಪತ್ರೆಗೆ ಕೆಲಸಕ್ಕೆ ಬರ್ತೀನಿ ಅಂತ ಹೇಳ್ತೀನಿ. ಅತ್ತೆ, ಬ್ರಿಯಾ ನನ್ನ ಜೊತೆ. ನಿನ್ನ ಪತ್ರ ಎಲ್ಲಿಗೆ ತರಿಸ್ಕೋಬೇಕೋ ತರಿಸ್ಕೋ." ಅವನ ಕೈಯನ್ನು ಒಮ್ಮೆ ಒತ್ತಿ, ಬಿಟ್ಟು, ಪಕ್ಕದ ಬಾಗಿಲಿನ ಕಡೆಗೆ ನಡೆದಳು.

ಮುಂದಿನ ಕೈ ಆಗಲೇ ಅವನ ಅಂಗೈಯಲ್ಲಿತ್ತು. ಯಾರದೋ ಮುದುಕಿಯ ಮೆತ್ತನೆಯ ಕೈ. ಭಾನುವಾರದ ಊಟಕ್ಕೆ ಬರಬೇಕು, ಕೋಳಿ ಮಾಡಿದ್ದೀನಿ, ಜೋಳದ ರೊಟ್ಟಿ ಮಾಡಿದ್ದೀನಿ ಎನ್ನುತ್ತಿದ್ದಳು. ಅವಳ ಹಿಂದೆ ಇನ್ನೂರು ಜನರಾದರೂ ಇದ್ದರು. ಬಾಗಿಲಿನ ಆಚೆ ಬಿಸಿಲು ಕಣ್ಣು ಕುಕ್ಕುವಂತಿತ್ತು, ಆ ಬಿಸಿಲಿನಲ್ಲಿ ಕಾರಿನ ಬಳಿ ಮೂವರು ನಿಂತಿದ್ದರು. ಅರ್ನೆಸ್ಟೀನ್ ಚೀಲದಲ್ಲಿ ಏನೋ ಹುಡುಕುತ್ತಿದ್ದಳು, ಬ್ರಿಯಾ ಬೀಸಣಿಗೆಯಿಂದ ಅಜ್ಜಿಗೆ ಗಾಳಿ ಹಾಕುತ್ತಿದ್ದಳು. ಯೋಲಾಂಡಾ ಕಾರಿನ ಬಾಗಿಲು ಎಳೆದು ನೋಡಿದಳು, ತೆರೆಯಲಿಲ್ಲ; ಬೀಗದ ಕೈ ಇವನ ಜೇಬಿನಲ್ಲಿತ್ತು, ಆ ಕಾಗದದ ಜೊತೆಯಲ್ಲಿ. ಅವಳು ಒಳಕ್ಕೆ ಬಂದು ಕೇಳಲಿಲ್ಲ. ಕಾರಿಗೆ ಒರಗಿ, ಬಿಸಿಲಿಗೆ ಕಣ್ಣು ಮುಚ್ಚಿಕೊಂಡು ನಿಂತಳು.

"ಡೀಕನ್" ಅಂದ ಲಮಾಂಟ್.

ಮುದುಕ ಕೇಳುವ ಯಂತ್ರದ ಕಿವಿಯನ್ನು ಈ ಕಡೆ ತಿರುಗಿಸಿದ.

"ನನ್ನವರು ಯಾರು ಅಂತ ಕೇಳಿದ್ರಲ್ಲ ಆಗ. ಅಗೋ, ಅವರು."

ಡೀಕನ್ ಗ್ರೇಡಿ ಬಾಗಿಲಿನಾಚೆ ನೋಡಿದ. ತುಂಬ ಹೊತ್ತು ನೋಡಿದ, ಕೈಯನ್ನು ಹಣೆಗೆ ಅಡ್ಡ ಹಿಡಿದು, ಮೂವರನ್ನೂ ಒಬ್ಬೊಬ್ಬರನ್ನಾಗಿ. ಆಮೇಲೆ ಲಮಾಂಟ್ ಕಡೆಗೆ ತಿರುಗಿ, ನಿಜವಾಗಿ ತಿಳಿಯದೆ ಕೇಳುವವನಂತೆ ಕೇಳಿದ: "ಮತ್ತೆ ನೀನಿಲ್ಲಿ ಯಾಕೆ ನಿಂತಿದ್ದೀಯ ಮಗನೇ?"

ಲಮಾಂಟ್ ಮುದುಕಿಯ ಕೈಯಿಂದ ಕೈ ಬಿಡಿಸಿಕೊಂಡ. ಎಡಗೈಯನ್ನು ಜೇಬಿಗೆ ಹಾಕಿ ಬೀಗದ ಕೈ ಹಿಡಿದುಕೊಂಡ. ಬಲಗೈಯ ಬೆರಳನ್ನು ಎದೆಯ ಮಟ್ಟಕ್ಕೆ ಎತ್ತಿದ, ತಲೆ ತಗ್ಗಿಸಿದ, ಬಾಗಿಲು ಎಲ್ಲಿದೆಯೆಂದು ಒಮ್ಮೆ ಚೆನ್ನಾಗಿ ನೋಡಿಕೊಂಡು ನಡೆದ.